ಪಟ್ಟದ ಗೊಂಬೆಯ ಕೇಕು

ನಮ್ಮ ಮನೆಯಲ್ಲಿ ಒಂದು ಪುಟ್ಟ ಸ್ಟೀಲ್ ಬಟ್ಟಲಿದೆ. ಮಗಳು ಕೇಕ್ ಮಾಡಿದಾಗಲೆಲ್ಲ ಮೊದಲ ತುಂಡನ್ನು ಅದರಲ್ಲಿಟ್ಟು, ತಟ್ಟೆ ಮುಚ್ಚಿ, ಊಟದ ಮೇಜಿನ ಮೇಲೆ ಇಡುತ್ತಿದ್ದಳು. ಅದು ಅಜ್ಜಿಯ ಪಾಲು. ಅಜ್ಜಿ, ಅಂದರೆ ನನ್ನ ಅಮ್ಮ, ಅದನ್ನು ಮುಟ್ಟುತ್ತಿರಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತಿತ್ತು. ತಿನ್ನುತ್ತಿದ್ದವರು ನನ್ನ ಅಪ್ಪ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಂತೆ ಇರುವುದು ನಮ್ಮ ಮನೆಯ ಪದ್ಧತಿ.

ಮಗಳು ಓದು ಮುಗಿಸಿ, ರಾಮಕೃಷ್ಣನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಕೇಕ್ ಮಾಡಿ ಮಾರಲು ಶುರುಮಾಡಿದ್ದಳು. ಮೊದಮೊದಲು ಕೇಕಿಗೆ ಮೊಟ್ಟೆ ಹಾಕುತ್ತಿದ್ದಳು. ಅಮ್ಮ ಜಗಳವಾಡಲಿಲ್ಲ. ತನ್ನ ಕಾಫಿ ಪಾತ್ರೆಗಳನ್ನು ಬೇರೆ ಕಪಾಟಿಗೆ ಸಾಗಿಸಿದಳು, ಅಷ್ಟೆ. ಮೂರೇ ತಿಂಗಳಿಗೆ ಮಗಳು ಮೊಟ್ಟೆ ಬಿಟ್ಟಳು. ಹಳೆಯ ಓವನ್ ಯಾರಿಗೋ ಕೊಟ್ಟು ಹೊಸದು ತಂದಳು. “ಬರೀ ಮೈದಾ, ಹಾಲು, ಸಕ್ಕರೆ ಕಣಜ್ಜಿ, ಒಂದೇ ಒಂದು ಚೂರು” ಎಂದು ಗೋಗರೆದಳು.

“ಇಷ್ಟು ವರ್ಷ ತಿಂದಿಲ್ಲ, ಈಗ್ಯಾಕೆ ಪುಟ್ಟಿ, ಬಿಡು” ಎಂದು ಅಮ್ಮ ಅವಳ ತಲೆ ಸವರಿ ಎದ್ದುಹೋಗುತ್ತಿದ್ದಳು. ಬೀದಿಯವರೆಲ್ಲ ಹೊಗಳಿದರೂ ನನ್ನ ಮಗಳಿಗೆ ಬೇಕಿದ್ದದ್ದು ಅಜ್ಜಿಯ ಬಾಯಿಂದ ಒಂದು ಮಾತು. ಅದು ಸಿಗದೆ ಹುಡುಗಿ ಸೊರಗುವುದನ್ನು ನೋಡಿ ನನಗೆ ಅಮ್ಮನ ಮೇಲೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ.

ಕಳೆದ ಡಿಸೆಂಬರಿನಲ್ಲಿ ಜಯಲಕ್ಷ್ಮಿಪುರಂನ ಒಂದು ಕಲ್ಯಾಣ ಮಂಟಪದಲ್ಲಿ ಅಲಂಕಾರದ ಕೇಕ್‌ಗಳ ಸ್ಪರ್ಧೆ ನಡೆಯಿತು. ಗೆದ್ದವರಿಗೆ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಆರು ತಿಂಗಳ ತರಬೇತಿ. ಮಗಳು ಹದಿನೈದು ದಿನ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡಿದಳು. ಏನು ಮಾಡುತ್ತಿದ್ದಾಳೆ ಎಂದು ನಮಗೂ ಹೇಳಲಿಲ್ಲ. “ಅಜ್ಜಿ ಬರಲೇಬೇಕು” ಎಂದು ಮಾತ್ರ ಹಟ ಹಿಡಿದಳು. ಅಮ್ಮ ರೇಷ್ಮೆ ಸೀರೆ ಉಟ್ಟು, ಕೈಚೀಲ ಹಿಡಿದು, ಮದುವೆಗೆ ಹೊರಟವಳಂತೆ ಕಾರು ಹತ್ತಿದಳು. ಅಪ್ಪನಿಗೆ ಟಿವಿಯಲ್ಲಿ ಕ್ರಿಕೆಟ್ ಇತ್ತು, ಬರಲಿಲ್ಲ. ಮಗಳು ಮುಚ್ಚಿದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರಸ್ತೆಯ ಪ್ರತಿ ಹಂಪ್‌ಗೂ “ಅಪ್ಪಾ, ಮೆಲ್ಲಗೆ!” ಎಂದು ಕೂಗುತ್ತಿದ್ದಳು. ಆ ದಿನ ನನ್ನನ್ನು ಸೈಕಲ್‌ಗಳೂ ಹಿಂದೆ ಹಾಕಿದವು.

ಮಂಟಪದಲ್ಲಿ ಡಬ್ಬ ತೆರೆದಾಗ ನಾನು ಬೆರಗಾದೆ. ಮೂರು ಮೆಟ್ಟಿಲ ಕೇಕು, ಬಿಳಿ ಬಟ್ಟೆ ಹಾಸಿದ ಹಾಗೆ ಕ್ರೀಮು. ಮೇಲಿನ ಮೆಟ್ಟಿಲಲ್ಲಿ ನಮ್ಮ ಮನೆಯ ಪಟ್ಟದ ಗೊಂಬೆಗಳು! ಅಮ್ಮನ ಮದುವೆಯಲ್ಲಿ ಅವಳ ತಾಯಿ ಕೊಟ್ಟ ರಾಜ ರಾಣಿಯ ಮರದ ಜೋಡಿ ಅದು. ನವರಾತ್ರಿಯಲ್ಲಿ ಅಮ್ಮ ಅವನ್ನು ಕೂರಿಸಿ, ದಿನಾ ಸಂಜೆ ಕುಂಕುಮವಿಟ್ಟು ಆರತಿ ಮಾಡುತ್ತಾಳೆ. ಮಗಳು ಸಕ್ಕರೆಯನ್ನು ಚಪಾತಿ ಹಿಟ್ಟಿನಂತೆ ನಾದಿ, ಅದರಲ್ಲೇ ಆ ಜೋಡಿಯನ್ನು ಮಾಡಿದ್ದಳು. ನಾನು ಆರು ವರ್ಷದವನಿದ್ದಾಗ ಬೀಳಿಸಿ ಮುಕ್ಕು ಮಾಡಿದ ರಾಣಿಯ ಮೂಗನ್ನೂ ಬಿಟ್ಟಿರಲಿಲ್ಲ. ಕೊರಳಿನ ಮಣಿಸರದ ಒಂದೊಂದು ಮಣಿಯೂ ಸಕ್ಕರೆಯದೇ. ಕೇಕಿನ ಮೇಲಿರುವುದೆಲ್ಲ ತಿನ್ನುವಂಥದ್ದೇ ಆಗಿರಬೇಕು, ಬೇರೇನಿದ್ದರೂ ಸ್ಪರ್ಧೆಯಿಂದ ಹೊರಗೆ ಎಂಬುದು ಅಲ್ಲಿಯ ನಿಯಮ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತಲೇ ನಿಂತಳು.

“ಅಪ್ಪಾ, ಇಲ್ಲೇ ಇರಿ, ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ” ಎಂದು ಹೇಳಿ ಮಗಳು ನನ್ನ ಹೆಂಡತಿಯ ಜೊತೆ ಕೈ ತೊಳೆಯಲು ಹೋದಳು. ನಾನು ಅಲ್ಲೇ ಇದ್ದೆ. ಆದರೆ ಪಕ್ಕದ ಮೇಜಿನಲ್ಲಿ ಯಾರೋ ಪ್ರೆಷರ್ ಕುಕ್ಕರಿನ ಆಕಾರದ ಕೇಕ್ ಇಟ್ಟಿದ್ದರು. ಅದರ ವಿಷಲ್ಲನ್ನೂ ತಿನ್ನಬಹುದೇ ಎಂದು ಬಗ್ಗಿ ನೋಡಿ ತಿರುಗುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಅಮ್ಮ ಕೈಚೀಲದಿಂದ ಕುಂಕುಮದ ಭರಣಿ ತೆಗೆದು, ಉಂಗುರದ ಬೆರಳಿನಿಂದ ರಾಜನಿಗೊಂದು, ರಾಣಿಗೊಂದು ಬೊಟ್ಟು ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

“ಅಮ್ಮಾ! ಏನು ಮಾಡ್ಬಿಟ್ಟೆ! ಅದು ಕೇಕು ಕಣಮ್ಮ! ನಿನಗೆ ಅಷ್ಟೂ ತಿಳಿಯಲ್ವಾ?” ಎಂದು ಮಂಟಪವೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಕಾವಲಿಗೆ ನಿಂತವನು ನಾನು, ತಪ್ಪು ನನ್ನದು. ಅದಕ್ಕೇ ಅಷ್ಟು ಜೋರಾಗಿ ಕೂಗಿದೆ ಎಂದು ಈಗ ಅನ್ನಿಸುತ್ತದೆ.

“ನಮ್ಮ ಗೊಂಬೆ ಅಲ್ವೇನೋ… ಬರೀ ಹಣೇಲಿ ನಿಂತಿದ್ವು” ಎಂದಳು ಅಮ್ಮ. ಭರಣಿಯ ಮುಚ್ಚಳ ಹಾಕಿ ಕೈಚೀಲಕ್ಕೆ ಸೇರಿಸಿದಳು.

ಮಗಳು ಓಡಿ ಬಂದಳು. ಹಿಂದೆಯೇ ತೀರ್ಪುಗಾರರೊಬ್ಬರು ಬಂದರು. ಒಳ್ಳೆಯ ಮನುಷ್ಯರು. ಬಗ್ಗಿ ಬಹಳ ಹೊತ್ತು ನೋಡಿದರು, ಮಣಿಸರದ ಹತ್ತಿರ ತಲೆದೂಗಿದರು. ಆಮೇಲೆ ಹಣೆಯ ಕಡೆ ಬೆರಳು ತೋರಿಸಿ, “ಕುಂಕುಮ ಅಲ್ವೇನಮ್ಮ ಇದು? ತಿನ್ನೋದಲ್ವಲ್ಲ” ಎಂದರು. ನಮ್ಮ ಮುಖಗಳನ್ನು ನೋಡಿ ಅವರಿಗೆ ವಿಷಯ ಅರ್ಥವಾಗಿರಬೇಕು. ದನಿ ತಗ್ಗಿಸಿ, “ಒಂದು ಕೆಲಸ ಮಾಡಿ. ಒದ್ದೆ ಬಟ್ಟೇಲಿ ಒರೆಸಿಬಿಡಿ. ನಾನು ಆ ಸಾಲು ನೋಡ್ಕೊಂಡು ಬರ್ತೀನಿ” ಎಂದು ಮುಂದೆ ಹೋದರು.

ಬದುಕಿದೆವು ಎಂದುಕೊಂಡೆ. ನನ್ನ ಹೆಂಡತಿ ಕರವಸ್ತ್ರ ನೆನೆಸಿ ತಂದು ಮಗಳ ಕೈಗೆ ಕೊಟ್ಟಳು. ಮಗಳು ಅದನ್ನು ರಾಣಿಯ ಹಣೆಯ ತನಕ ಒಯ್ದು ಅಜ್ಜಿಯ ಕಡೆ ನೋಡಿದಳು. ಅಮ್ಮ ಬೇಡ ಎನ್ನಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ರಾಣಿಯ ಹಣೆಯ ಕುಂಕುಮ, ಪಕ್ಕದಲ್ಲೇ ರಾಜ ನಿಂತಿರುವಾಗ ಒರೆಸುವುದು! ನಮ್ಮ ಮನೆಯಲ್ಲಿ ಆ ಮಾತನ್ನು ಬಾಯಲ್ಲೂ ಆಡುವುದಿಲ್ಲ.

ತೀರ್ಪುಗಾರರು ಮರಳಿ ಬಂದಾಗ ಕರವಸ್ತ್ರ ಮೇಜಿನ ಮೇಲೆ ಮಡಿಸಿಟ್ಟಿತ್ತು. ಬೊಟ್ಟುಗಳು ಹಾಗೇ ಇದ್ದವು.

“ಒರೆಸಲ್ಲ ಸಾರ್. ನನ್ನ ಹೆಸರು ತೆಗೆದುಬಿಡಿ” ಎಂದಳು ಮಗಳು. ದನಿ ಗಟ್ಟಿಯಾಗಿಯೇ ಇತ್ತು. ನಾನು ಡಬ್ಬದ ಮುಚ್ಚಳ ಹುಡುಕತೊಡಗಿದೆ.

ವಾಪಸು ಬರುವಾಗ ಕಾರಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಅಮ್ಮ ಮೆಲ್ಲಗೆ, “ನನ್ನಿಂದ ಹಾಳಾಯ್ತಲ್ಲೆ ಪುಟ್ಟಿ” ಎಂದಳು. “ನಿಂಗೆ ನೋಡಿದ ತಕ್ಷಣ ಗುರುತು ಸಿಕ್ತಲ್ಲಜ್ಜಿ, ಸಾಕು ಬಿಡು” ಎಂದು ಮಗಳು ಅವಳ ಭುಜಕ್ಕೆ ಒರಗಿದಳು. ಅಮ್ಮನನ್ನು ಕೂಗಿದ್ದಕ್ಕೆ ನಾನೂ ತಪ್ಪಾಯಿತು ಎನ್ನಬೇಕಿತ್ತು. ಹೇಳಲಾಗದೆ, ಹಂಪ್‌ಗಳನ್ನು ಮಾತ್ರ ಮೊದಲಿಗಿಂತ ಮೆಲ್ಲಗೆ ದಾಟಿದೆ.

ಮನೆಯಲ್ಲಿ ಅಪ್ಪ ಕೇಕ್ ನೋಡಿದ್ದೇ ತಡ ಚಾಕು ತಂದರು. “ನಿಲ್ಲಿ ಅಂದ್ರೆ!” ಎಂದು ಅಮ್ಮ ಗದರಿದಳು. “ನಿಂತಿರೋ ಗೊಂಬೆ ಮುಂದೆ ಚಾಕು ಹಿಡೀತಾರೇನು? ಮೊದಲು ಮಲಗಿಸ್ಬೇಕು.” ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆಯೇ ನಮ್ಮಲ್ಲಿ ಗೊಂಬೆ ಕೂರಿಸಿದ ಮೆಟ್ಟಿಲು ಕಳಚುವುದು. ಅಮ್ಮ ಆರತಿ ಮಾಡಿ, ಬಾಳೆಲೆಯ ತುಂಡಿನ ಮೇಲೆ ಸಕ್ಕರೆಯ ರಾಜನನ್ನೂ ರಾಣಿಯನ್ನೂ ಪಕ್ಕಪಕ್ಕದಲ್ಲಿ ಮಲಗಿಸಿದಳು. ಒಂದು ಮಣಿಯೂ ಉದುರಲಿಲ್ಲ.

ಆಮೇಲೆ ಮಗಳು ಮೇಲಿನ ಮೆಟ್ಟಿಲನ್ನು ಕತ್ತರಿಸಿ, ಮೊದಲ ತುಂಡನ್ನು ಅಪ್ಪನ ತಟ್ಟೆಗೆ ಹಾಕಲು ಹೋದಳು. ಎಂದೂ ಮುಟ್ಟದ ಅಜ್ಜಿಯನ್ನು ಇವತ್ತು ಯಾಕೆ ಕೇಳಿ ನೋಯಿಸುವುದು ಎಂದುಕೊಂಡಿದ್ದಳೋ ಏನೋ, ಬಟ್ಟಲನ್ನು ಹೊರಗೆ ತೆಗೆದೇ ಇರಲಿಲ್ಲ.

ಅಮ್ಮ ಕಾಲು ಮಡಚಿ ಕುರ್ಚಿಯಲ್ಲಿ ಕೂತಿದ್ದಳು. “ಅವರಿಗೆ ಆಮೇಲೆ ಕೊಡುವೆಯಂತೆ, ದಿನಾ ತಿಂದಿದ್ದಾರೆ” ಎಂದಳು. “ನನ್ನ ಬಟ್ಟಲೆಲ್ಲಿ?”