ಮನೂರು ಮುಟ್ಟದ ವಿಮಾನ

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಮನೂರಿನಿಂದ ಶೇರ್ ಆಟೋ ಹಿಡಿದು, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ, ಜಹೀರಾಬಾದಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದವನು. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕು ವಿಮಾನ ಹಾರಿಸುವುದನ್ನು ಕಲಿಯಲು ಸೇರಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಜಹೀರಾಬಾದಿನಲ್ಲಿ ಕಾಳಿನ ವ್ಯಾಪಾರ ಮಾಡುವ ಕಾಕಾ ಮಾತ್ರ ಆಗಲೇ ಅಪ್ಪನಿಗೆ ಹೇಳಿದ್ದರು: “ಇಮಾನ ಅಂದ್ರ ಮನೂರಿನ ಆಟೋ ಅಲ್ಲಪಾ. ನಡಬರಕ ನಿಂತ್ರ ಇಳಿದು ದೂಡಾಕ ಬರಂಗಿಲ್ಲ.”

ಅಪ್ಪ ಆ ಮಾತನ್ನು ನುಂಗಿಕೊಂಡು ಇಟ್ಟುಕೊಂಡಿದ್ದ. ಒಬ್ಬನೇ ದೂರ ಹಾರಿ ಬರುವ ಪಾಠದಲ್ಲಿ ನನಗೆ ಸಿಕ್ಕ ದಾರಿ ತಾಂಡೂರು, ಜಹೀರಾಬಾದು, ನಾರಾಯಣಖೇಡ, ಮತ್ತೆ ವಾಪಸು. ನಮ್ಮೂರ ನೆತ್ತಿಯ ಮೇಲೇ. ಫೋನಿನಲ್ಲಿ ಹೇಳಿದ್ದೇ ತಡ, ಅಪ್ಪ ಊರಿಗೆಲ್ಲ ಸಾರಿಬಿಟ್ಟ. ಮಠದ ಅಯ್ಯನವರನ್ನು ಕರೆದ. ಕಾಕಾನನ್ನೂ ಬೇಕೆಂದೇ ಕರೆದ.

“ಮಾಳಿಗಿ ಮ್ಯಾಲ ಬಿಳಿ ಧೋತರ ಹಾಸ್ತೀನಿ ತಮ್ಮಾ. ನಿನಗ ಗುರ್ತ ಸಿಗ್ತದ. ನೀ ಮ್ಯಾಲ ಬಂದ ಕೂಡ್ಲೆ ಟೆಂಗಿನಕಾಯಿ ಒಡಿತೀವಿ.”

ಅದು ಮೇ ತಿಂಗಳು. ಸಣ್ಣ ವಿಮಾನದ ಇಂಜಿನ್ನಿಗೆ ಕಾರಿನ ಹಾಗೆ ನೀರಿನ ರೇಡಿಯೇಟರ್ ಇಲ್ಲ. ಅದನ್ನು ತಂಪಾಗಿಡುವುದು ಎದುರಿನ ಗಾಳಿ ಮತ್ತು ಒಳಗೆ ಓಡಾಡುವ ಆಯಿಲ್. ತಾಂಡೂರಿನ ಕಲ್ಲುಗಣಿಗಳು ಕೆಳಗೆ ಕಾಣುವ ಹೊತ್ತಿಗೆ ಆಯಿಲ್ ಬಿಸಿ ತೋರಿಸುವ ಮುಳ್ಳು ಹಸಿರು ಪಟ್ಟಿಯ ಕೊನೆಗೆ ಬಂದಿತ್ತು. ಕಲಿತದ್ದನ್ನೆಲ್ಲ ಮಾಡಿದೆ. ಏರುವುದನ್ನು ನಿಲ್ಲಿಸಿ ಮೂತಿ ತಗ್ಗಿಸಿದೆ, ವೇಗ ಹೆಚ್ಚಿ ಗಾಳಿ ಚೆನ್ನಾಗಿ ಹೊಡೆಯಲಿ ಎಂದು. ಪವರ್ ಇಳಿಸಿದೆ, ಪೆಟ್ರೋಲಿನ ಪಾಲು ಹೆಚ್ಚಿಸಿದೆ. ಮುಳ್ಳು ಕೊಂಚ ಇಳಿಯಿತು. ಜಹೀರಾಬಾದಿಗೆ ಮುಂಚೆ ಸಿಗುವ ಕೊಹೀರಿನ ಹತ್ತಿರ ಮತ್ತೆ ಏರಿ ಕೆಂಪು ಗೆರೆ ಮುಟ್ಟಿತು. ಪಕ್ಕದ ಮುಳ್ಳು, ಆಯಿಲ್ ಒತ್ತಡದ್ದು, ಇಳಿಯತೊಡಗಿತು. ಎರಡೂ ಒಟ್ಟಿಗೆ ಹಾಗೆ ನಡೆದರೆ ಗೇಜು ಸುಳ್ಳು ಹೇಳುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳಲು ಬರುವುದಿಲ್ಲ.

ಇಂಜಿನ್ ಮಾತ್ರ ಒಂದಿಷ್ಟೂ ಕೆಮ್ಮಲಿಲ್ಲ. ಎದುರಿಗೆ ಜಹೀರಾಬಾದಿನ ಹೈವೇ, ಇರುವೆ ಸಾಲಿನಂಥ ಲಾರಿಗಳು. ಅದರಾಚೆ ನಮ್ಮ ಮಾಳಿಗೆ, ಧೋತರ, ತೆಂಗಿನಕಾಯಿ. ಆದರೆ ಆ ಕಡೆ ಇಳಿಯಲು ಜಾಗವಿರಲಿಲ್ಲ. ನನಗೆ ಗೊತ್ತಿದ್ದ ರನ್‌ವೇ ಎಂದರೆ ನಾನು ಬಿಟ್ಟು ಬಂದ ನಮ್ಮ ಸ್ಕೂಲಿನದೇ. ತಿರುಗಿಸಿದೆ. ಪವರ್ ಕಡಿಮೆ ಇಟ್ಟು, ನಿಧಾನಕ್ಕೆ ಇಳಿಯುತ್ತಾ, ಕೆಳಗಿನ ಬೋಳು ಹೊಲಗಳಲ್ಲಿ ಯಾವುದರಲ್ಲಿ ಇಳಿಸಬಹುದು ಎಂದು ನೋಡುತ್ತಾ ಬಂದು ಮುಟ್ಟಿದೆ.

“ಆ ಗೇಜು ಯಾವಾಗಲೂ ಜಾಸ್ತಿ ತೋರಿಸುತ್ತೆ,” ಎಂದರು ನಮ್ಮ ಇನ್‌ಸ್ಟ್ರಕ್ಟರ್, ಎಲ್ಲರ ಮುಂದೆ. “ಕಾಣದ ದೆವ್ವಕ್ಕೆ ಹೆದರೋನು ಏರ್‌ಲೈನಿಗೆ ಹೋಗ್ತೀಯಾ?”

ಮೆಕ್ಯಾನಿಕ್ಕರು ಇಂಜಿನ್ನಿನ ಮುಚ್ಚಳ ಬಿಚ್ಚಿ ನೋಡಿದರೆ, ಆಯಿಲ್ ಕೂಲರಿಗೆ ಗಾಳಿ ಒಯ್ಯುವ ಪೈಪು ಕಳಚಿ ಜೋತಾಡುತ್ತಿತ್ತು. ಒಂದು ಕ್ಲಾಂಪು ಬಿಗಿದು ಕೈ ಒರೆಸಿಕೊಂಡರು. ಇನ್‌ಸ್ಟ್ರಕ್ಟರ್ ಟೀ ಕುಡಿಯಲು ಹೋದರು.

ಅಷ್ಟರಲ್ಲಿ ಅಪ್ಪನ ಫೋನು.

“ನೋಡಿದೆವೋ ತಮ್ಮಾ! ಹನುಮಪ್ಪನ ಗುಡಿ ಮ್ಯಾಲಿಂದ ಹ್ವಾದಿ. ರೆಕ್ಕಿ ಬಗ್ಸಿದಿ ಅಲ್ಲ? ನಿಮ್ಮವ್ವ ಅಳಾಕತ್ತಾಳ. ನಿಮ್ಮ ಕಾಕಾನ ಬಾಯಿ ಬಂದ್ ಆತು ನೋಡು!”

ನನಗೆ ತಿಳಿಯಿತು. ನನ್ನ ಹಿಂದೆ ಅದೇ ದಾರಿಗೆ ಹೊರಟಿದ್ದವನು ನನ್ನ ಜತೆ ಕಲಿಯುತ್ತಿದ್ದ ಪಟ್ಟಣದ ಹುಡುಗ. ಅವನ ವಿಮಾನಕ್ಕೆ ನಮ್ಮೂರ ಕಾಯಿ ಒಡೆದಿತ್ತು.

“ಅಪ್ಪಾ, ಅದು ನಾ ಅಲ್ಲ. ಆಯಿಲ್ ಕಾದಿತ್ತು. ಕೊಹೀರ್ ದಾಟಿ ತಿರುಗಿ ಬಂದೆ.”

ಆ ಕಡೆ ಜನರ ಗದ್ದಲ. ಅಪ್ಪ ದೂರ ಸರಿದು ಬಂದದ್ದು ಕೇಳಿಸಿತು.

“ಆಯಿಲ್ ಕಾದ್ರ ಏನಾಗ್ತದ?”

“ತೆಳ್ಳಗ ಆಗ್ತದ. ಇಂಜಿನ್ ಹಿಡ್ಕೊಂಡು ನಿಂತುಬಿಡ್ತದ.”

“ಹಿಡ್ಕೊಂಡಿತ್ತೇನು?”

“ಇಲ್ಲ.”

“ಮತ್ತ್ಯಾಕ ತಿರುಗಿದಿ?”

ಇಂಜಿನ್ ಹಿಡಿದುಕೊಂಡಿದ್ದರೆ ಅಪ್ಪನಿಗೆ ಅರ್ಥವಾಗುತ್ತಿತ್ತು. ಆದರೆ ಹೇಳಲು ನಾನಿರುತ್ತಿರಲಿಲ್ಲ.

“ಯಾರ ಮುಂದನೂ ಅನಬ್ಯಾಡ,” ಎಂದು ಅಪ್ಪ ಫೋನು ಇಟ್ಟುಬಿಟ್ಟ.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಲೈಸೆನ್ಸ್ ಬಂತು. ಕಾಕಾನ ಮಗಳ ಮದುವೆಗೆ ಜಹೀರಾಬಾದಿಗೆ ಹೋದೆ. ಊಟದ ಪಂಕ್ತಿಯಲ್ಲಿ ಅದೇ ಕಾಕಾ ಬೀಗರಿಗೆ ನನ್ನನ್ನು ತೋರಿಸಿ, “ನಮ್ಮ ಹುಡುಗ್ರಿ. ನಮ್ಮ ತಲಿ ಮ್ಯಾಲಿಂದ ಹ್ಯಾಂಗ ಹಾರ್ಸಿದ ಅಂತೀರಿ!” ಎಂದರು. ಇಷ್ಟು ದಿನ ನನ್ನನ್ನು ಹೊಗಳದವರು ಈಗ ಇನ್ನೊಬ್ಬನ ಹಾರಾಟಕ್ಕೆ ನನ್ನನ್ನು ಹೊಗಳುತ್ತಿದ್ದರು. ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟೆ.

“ಅದು ನಾ ಅಲ್ರಿ ಕಾಕಾ,” ಎಂದೆ. ಆಯಿಲ್, ಮುಳ್ಳು, ಕಳಚಿದ ಪೈಪು, ಎಲ್ಲ ಹೇಳಿದೆ. ಆ ದಿನ ನಾನು ಮಾಡಿದಷ್ಟು ಸರಿಯಾದ ಕೆಲಸ ಆಮೇಲೆ ಮಾಡಿಲ್ಲ ಎಂದೂ ಹೇಳಿದೆ.

ಕಾಕಾ ಎಲ್ಲ ಕೇಳಿ ಬೀಗರ ಕಡೆ ತಿರುಗಿದರು. “ಅಂದ್ರ ಹೆದರಿ ಓಡಿ ಬಂದಾನ ಅನ್ರಿ.”

ಇಡೀ ಪಂಕ್ತಿ ನಕ್ಕಿತು. ನನ್ನ ಪಕ್ಕ ಕೂತಿದ್ದ ಅಪ್ಪ ಎಲೆ ಬಿಟ್ಟು ಎದ್ದು, ಕೈ ತೊಳೆದು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದ.

ಮೊದಲೆಲ್ಲ ಹೊಲದಲ್ಲಿ ವಿಮಾನದ ಸದ್ದು ಕೇಳಿದರೆ ಅಪ್ಪ ಕುಂಟೆ ನಿಲ್ಲಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಮೊನ್ನೆ ಊರಿಗೆ ಹೋಗಿ ಅಪ್ಪನ ಜತೆ ಹೊಲದಲ್ಲಿದ್ದಾಗ ಒಂದು ಹಾದುಹೋಯಿತು. ತಲೆ ಎತ್ತಿದವನು ನಾನೊಬ್ಬನೇ.