ಕಲ್ಯಾಣಿ ಮರೆತ ಮೇಷ್ಟ್ರು

ಮೊನ್ನೆ ಮಂಡಿಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹಾರ್ಮೋನಿಯಂ ಕಂಡೆ. ಸುಮ್ಮನಿರಲಾರದೆ ತಿದಿ ಎಳೆದೆ. ಸ್ವರ ಬರಲಿಲ್ಲ, ಹಳೆಯ ಚರ್ಮದ, ಜಿರಳೆಯ, ನುಸಿಗುಳಿಗೆಯ ವಾಸನೆ ಮಾತ್ರ ಮುಖಕ್ಕೆ ಹೊಡೆಯಿತು. ಗುಬ್ಬಿಯ ರಂಗಪ್ಪ ಮೇಷ್ಟ್ರ ಮನೆಯ ವಾಸನೆಯೇ ಅದು. ನೋಡಿ, ಅರವತ್ತು ವರ್ಷದ ಮೇಲೂ ಆ ಮನುಷ್ಯ ನನ್ನನ್ನು ರೇಗಿಸುವುದು ಬಿಟ್ಟಿಲ್ಲ.

ಮೇಷ್ಟ್ರು ನಾಟಕದ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರು. ಅವರ ಬೆರಳು ಓಡುವುದನ್ನು ನೋಡಲೆಂದೇ ತುಮಕೂರಿನಿಂದ ಜನ ಹೋಗುತ್ತಿದ್ದರು. ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತರು. ಯಾರಾದರೂ ದೊಡ್ಡವರು ಬಂದು ತೋಡಿ ರಾಗ ಕೇಳಿದರೆ ಮಕ್ಕಳ ಪದ ನುಡಿಸುವರು. ಮಕ್ಕಳು ಬಂದರೆ ಅರ್ಧ ಗಂಟೆ ತೋಡಿ. ಒಮ್ಮೆ ನಮ್ಮೂರ ಮುನ್ಸೀಫರು ಬಂದು ಕೂತಾಗ ಅವರಿಗೆ ನೆಗಡಿ ಎಂದು ಮೂರೇ ಸ್ವರದಲ್ಲಿ ಏನೋ ನುಡಿಸಿ ಮುಗಿಸಿಬಿಟ್ಟರು. ಕೇಳುವವರಿಗೆ ನೆಗಡಿಯಾದರೆ ನುಡಿಸುವವರಿಗೇನು ಕಷ್ಟ? ಕೇಳಿದ್ದಕ್ಕೆ, "ಅವ್ರು ಒಳಗೊಳಗೇ ಹಾಡ್ಕೊಳ್ತಾರೆ ಕಣ್ಲಾ. ಎಟುಕ್ದಿದ್ರೆ ಬೇಜಾರ್ ಮಾಡ್ಕೊಳ್ತಾರೆ" ಎಂದರು. ಇಂಥವರೊಡನೆ ಏನು ವಾದ ಮಾಡುತ್ತೀರಿ?

ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನ ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಗೆ ಟೇಪ್ ರೆಕಾರ್ಡರ್ ಬಂದಿತ್ತು. ಸೂಟ್‌ಕೇಸಿನಷ್ಟು ದೊಡ್ಡದು, ತಿರುಗುವ ಎರಡು ಚಕ್ರ. ಅದನ್ನು ಮುಟ್ಟಲು ಅನುಮತಿ ಸಿಕ್ಕ ದಿನದಿಂದ ಊರಿನವರೆಲ್ಲ ನನಗೆ ಸ್ವಲ್ಪ ಕುಳ್ಳಗೆ ಕಾಣತೊಡಗಿದರು. ಅದೇ ಹೊತ್ತಿಗೆ ಕುಣಿಗಲ್ಲಿಗೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಎದೆಯ ಕಾಯಿಲೆಯಿಂದ ಮಲಗಿದ್ದಳು. ಚಿಕ್ಕಂದಿನಲ್ಲಿ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ಕೂತು ಹಾಡು ಕಲಿತವಳು ಅವಳು. "ಮೇಷ್ಟ್ರು ನುಡಿಸೋ ಕಲ್ಯಾಣಿ ಒಂದ್ಸಲ ಕೇಳ್ಬೇಕು ಕಣೋ" ಎಂದಳು. ಇಷ್ಟೇ ತಾನೆ ಎಂದು ಯಂತ್ರ ಹೊತ್ತು ಗುಬ್ಬಿಗೆ ಹೋದೆ.

ಮೇಷ್ಟ್ರು ಯಂತ್ರವನ್ನು ಸುತ್ತಿ ನೋಡಿದರು. "ಇದಕ್ಕೆ ಗಂಟಲೆಲ್ಲೈತೆ?"

"ಗಂಟಲ್ಯಾಕೆ ಮೇಷ್ಟ್ರೆ? ಇದು ಕೇಳಿಸ್ಕೊಳ್ಳುತ್ತೆ, ಅಷ್ಟೆ."

"ಗಂಟಲಿಲ್ದೋರ್ ಮುಂದೆ ಯಾವ ಶ್ರುತಿ ಹಿಡೀಲಿ? ನಾಟ್ಕದಲ್ಲಿ ಒನ್ಸ್ ಮೋರ್ ಅಂದ್ರೆ ಜನದ ಮೊಕ ನೋಡಿ ಕೊಡ್ತಿದ್ದೆ. ನಿನ್ ಪೆಟ್ಗೆ ನನ್ನ ಕೇಳ್ದೇನೆ ಒನ್ಸ್ ಮೋರ್ ಕೊಡುತ್ತೆ. ಬುಡು, ನಾನೇ ಬತ್ತೀನಿ."

ಬರುವುದೆಂದರೆ? ಎಪ್ಪತ್ತರ ಮುದುಕರು, ಕೈ ಹಾರ್ಮೋನಿಯಂ, ತುಮಕೂರಿನಲ್ಲಿ ಬಸ್ ಬದಲಾಯಿಸಬೇಕು. ಕಂಡಕ್ಟರ್ ಪೆಟ್ಟಿಗೆಯನ್ನು ಟಾಪಿಗೆ ಹಾಕು ಎಂದ. ಹಾಗಾದರೆ ನಾನೂ ಟಾಪಿಗೇ ಹತ್ತುತ್ತೇನೆ ಎಂದು ಇವರು ಹಟ ಹಿಡಿದರು. ಕೊನೆಗೆ ಕುಣಿಗಲ್ಲಿನವರೆಗೂ ಅದು ನನ್ನ ತೊಡೆಯ ಮೇಲೆ. ಕಾಲ ಬಳಿಯಿದ್ದ ಯಂತ್ರವನ್ನು ಭಾವನಿಗೆ ತೋರಿಸಲು ಒಯ್ಯುತ್ತಿದ್ದೇನೆ, ಹೂಡುವುದಿಲ್ಲ ಎಂದು ಸುಳ್ಳು ಹೇಳಿದ್ದೆ. ನಂಬಿದರೋ ಇಲ್ಲವೋ ತಿಳಿಯದು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನಾನು ಒಳಕೋಣೆಯಲ್ಲಿ ಯಂತ್ರ ಹೂಡಿ ಮೈಕನ್ನು ಪರದೆಯ ಹಿಂದೆ ಇಟ್ಟೆ. ಅಕ್ಕ ಕಲ್ಯಾಣಿ ಕೇಳಿದಳು. ಮೇಷ್ಟ್ರು ಅವಳನ್ನು ಸ್ವಲ್ಪ ಹೊತ್ತು ನೋಡಿ, "ಕಲ್ಯಾಣಿ ಮರ್ತೋಯ್ತು ಕಣವ್ವ" ಎಂದರು.

ಗುಬ್ಬಿಯವನಿಗೆ ಗುಬ್ಬಿಯ ರೈಲ್ವೆ ಸ್ಟೇಷನ್ ಮರೆತಂತೆ! ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಹೊತ್ತು ತಂದದ್ದು ಇದಕ್ಕೇ? ಅವರು ಒಂದು ತೊಟ್ಟಿಲ ಪದ ಎತ್ತಿಕೊಂಡರು, ಊರಿನ ಪ್ರತಿಯೊಬ್ಬ ಅಜ್ಜಿಗೂ ಬರುವಂಥದ್ದು. ಅಕ್ಕ ಒಂದು ಸಾಲು ಗುನುಗಿದಳು. ಆಮೇಲೆ ಬಾಯಿಬಿಟ್ಟೇ ಹಾಡಿದಳು. ಪದ ಪೂರ್ತಿ ಹಾಡಿದಳು. ತಿಂಗಳುಗಟ್ಟಲೆ ಅನ್ನ ಬೇಡವೆನ್ನುತ್ತಿದ್ದವಳು ದಿಂಬು ಬಿಟ್ಟು ನೆಟ್ಟಗೆ ಕೂತು ಮೊಸರನ್ನ ಕೇಳಿದಳು.

"ನನ್ ಗಂಟಲು ಹೋಗಿಲ್ಲ ಅಲ್ವಾ ಮೇಷ್ಟ್ರೆ?"

"ಎಲ್ಲಿಗ್ ಹೋದಾತು? ಅಲ್ಲೇ ಐತೆ."

ಮೇಷ್ಟ್ರನ್ನು ಗುಬ್ಬಿಗೆ ತಲುಪಿಸಿದೆ. ಮುಂದಿನ ಭಾನುವಾರ ಯಂತ್ರ ಹೊತ್ತು ಮತ್ತೆ ಕುಣಿಗಲ್ಲಿಗೆ ಓಡಿದೆ. ಅಕ್ಕನನ್ನು ಬೆರಗುಗೊಳಿಸಬೇಕು, ಜೊತೆಗೆ ಮೇಷ್ಟ್ರನ್ನು ಗೆದ್ದೆ ಎಂದು ಹೇಳಿಕೊಳ್ಳಬೇಕು. ಚಕ್ರ ತಿರುಗಿತು.

ಹಾರ್ಮೋನಿಯಂ ಬಂತು. ಅದರ ಹಿಂದೆ ಒಂದು ಸಣ್ಣ, ಒಣಗಿದ ದನಿ. ಎರಡು ಮಾತಿಗೊಮ್ಮೆ ಉಸಿರು ಕಡಿಯುತ್ತಿತ್ತು. ಕಡಿದ ಕಡೆಯೆಲ್ಲ ಪೆಟ್ಟಿಗೆ ಮೆಲ್ಲಗೆ ಉಬ್ಬಿ ಆ ಸಂದನ್ನು ತುಂಬುತ್ತಿತ್ತು. ದನಿ ಮೇಲಕ್ಕೆ ಹೋಗಲಾರದೆ ಜಾರಿದಾಗ ಶ್ರುತಿಯೂ ಅದರ ಜೊತೆಗೇ ಒಂದು ಮೆಟ್ಟಿಲು ಕೆಳಗಿಳಿದು ನಿಂತಿತ್ತು. ಗಂಟಲು ಕೆಟ್ಟ ಮುದಿ ನಟರನ್ನು ಕಂಪನಿಯಲ್ಲಿ ಹೀಗೇ ದಾಟಿಸುತ್ತಿದ್ದರಂತೆ. ಅಂದು ಮೇಷ್ಟ್ರನ್ನು ಬಿಟ್ಟು ಆ ಕೋಣೆಯಲ್ಲಿದ್ದ ಯಾರಿಗೂ, ಅಕ್ಕನಿಗೂ, ಇದು ಕೇಳಿಸಿರಲಿಲ್ಲ.

"ಇದ್ಯಾರೋ ಹಾಡ್ತಿರೋದು?" ಎಂದಳು ಅಕ್ಕ.

ನಾನು ದಡ್ಡ, ನಕ್ಕೆ. "ನೀನೇ ಕಣೇ."

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, "ಮೇಷ್ಟ್ರಿಗೆ ಕೇಳಿಸಿದ್ಯಾ?" ಎಂದಳು.

"ಇಲ್ಲ."

"ಕೇಳಿಸ್ಬೇಡ. ನಾನು ಚೆನ್ನಾಗ್ ಹಾಡ್ದೆ ಅಂತ ಖುಷಿಯಾಗಿ ಹೋದ್ರು, ಪಾಪ."

ಬದುಕಿದ್ದಷ್ಟು ದಿನ ಅವಳು ಮತ್ತೆ ಹಾಡಲಿಲ್ಲ. ಅದು ಹೆಚ್ಚು ದಿನವೂ ಆಗಿರಲಿಲ್ಲ. ಆ ಟೇಪಿನ ಮೇಲೆ ನಾನು ಅಂಗಡಿಯಲ್ಲಿ ರೇಡಿಯೋ ವಾರ್ತೆ ತುಂಬಿಸಿದೆ. ಅವಳಿನ್ನೂ ಇದ್ದಾಗ ಮೇಷ್ಟ್ರು ಸಿಕ್ಕಾಗೆಲ್ಲ, "ಅಕ್ಕ ಹಾಡ್ತಾವ್ಳೇನ್ಲಾ?" ಎನ್ನುವರು. "ಹಾಡ್ತಾಳೆ" ಎನ್ನುತ್ತಿದ್ದೆ. ನನ್ನ ಮುಖ ನೋಡಿ ಅವರು ಬೇರೆ ಮಾತು ತೆಗೆಯುವರು. ಆಗೆಲ್ಲ ಅವರ ಮೊಂಡುತನದ ಮೇಲೆ ರೇಗುತ್ತಿದ್ದೆ. ನನ್ನ ಮೇಲೇ ರೇಗಿಕೊಳ್ಳುವುದಕ್ಕಿಂತ ಅದು ಸುಲಭ.

ನಿನ್ನೆ ಸಂಜೆ ನನ್ನಾಕೆ ಹೂ ಕಟ್ಟುತ್ತಾ ಹಸೆಗೆ ಕರೆಯುವ ಹಾಡು ಹೇಳಿಕೊಳ್ಳುತ್ತಿದ್ದಳು. ಮೇಲಿನ ಸಾಲಿಗೆ ಬಂದಾಗ ದನಿ ಸಿಕ್ಕಿಕೊಂಡಿತು. ಈ ವಯಸ್ಸಿಗೆ ಎಲ್ಲರದೂ ಸಿಕ್ಕಿಕೊಳ್ಳುತ್ತದೆ. ನಾನು ಪೇಪರಿನಿಂದ ತಲೆಯೆತ್ತದೆ ಅದೇ ಸಾಲನ್ನು ತಗ್ಗಿಸಿ ಗುನುಗಿದೆ. ಅವಳು ಅದನ್ನು ಹಿಡಿದುಕೊಂಡು ಮುಂದಕ್ಕೆ ಹೋದಳು.

"ನಿಮ್ಗೂ ಈ ಹಾಡು ಬರುತ್ತಾ?" ಎಂದಳು, ಮುಗಿದ ಮೇಲೆ.

"ಸರಿಯಾಗಿ ಬರಲ್ಲ. ನೀನು ಹೇಳು" ಎಂದೆ.