ಕರಿಬಸಪ್ಪನವರ ಮೂರನೇ ಮಂಡಿ

ನಮ್ಮ ಕೆಳಗಿನ ಮನೆಯ ಕರಿಬಸಪ್ಪನವರು ಟೇಬಲ್ ಮೇಲೆ ಉಣ್ಣುವವರನ್ನು ಮನುಷ್ಯರೆಂದೇ ಒಪ್ಪುವುದಿಲ್ಲ. ದಾವಣಗೆರೆಯಲ್ಲಿ ಮೆಣಸಿನಕಾಯಿ ಮಂಡಿ ನಡೆಸಿ, ಅದನ್ನು ಹಿರಿಯ ಅಳಿಯನಿಗೆ ಒಪ್ಪಿಸಿ, ಹೆಂಡತಿ ನೀಲಮ್ಮನವರ ಜೊತೆ ಬೆಂಗಳೂರಿನ ಬಸವೇಶ್ವರನಗರಕ್ಕೆ ಬಂದವರು. ಯಾವ ಮದುವೆಗೆ ಹೋದರೂ, "ಕುರ್ಚಿ ಮ್ಯಾಲೆ ಕುಂತು ಉಣ್ಣಾಕೆ ಇದೇನು ಆಫೀಸಾ?" ಎಂದು ಹೆಣ್ಣಿನ ಅಪ್ಪನ ಮುಖಕ್ಕೇ ಹೇಳಿ, ಹೋಳಿಗೆ ಮಾತ್ರ ಬಿಡದೆ ತಿಂದು ಬರುತ್ತಾರೆ.

ಇಂಥವರಿಗೆ ಮೊಣಕಾಲೇ ಕೈಕೊಟ್ಟಿತು. ಅದೂ ಕಿರಿಯ ಮಗಳು ಸೌಮ್ಯಶ್ರೀ ಕೆಂಗೇರಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದ ಹೊತ್ತಿಗೆ.

"ನೆಲದ ಪಂಕ್ತಿನೇ ಆಗ್ಬೇಕು," ಎಂದು ಅಪ್ಪಣೆ ಹೊರಟಿತು. "ಸಿದ್ದಲಿಂಗೇಶ ಬರ್ತಾನೆ. ಮಂಡಿಯಾಗೆ ಮೂವತ್ತು ವರ್ಷ ನನ್ನ ಎದುರಂಗಡಿಯವನು. ಅವನ ಪಕ್ಕ ಕುಂತು ಉಂಡು ನಾನಾಗೇ ಏಳಲಿಲ್ಲಾಂದ್ರೆ ಈ ಮೀಸೆ ಇರಲ್ಲ!"

ಮೀಸೆ ಉಳಿಸಲು ನೀಲಮ್ಮನವರು ಗಂಡನನ್ನು ಆರ್‌ಪಿಸಿ ಲೇಔಟಿನ ಫಿಸಿಯೋ ಸುಮಾ ಹತ್ತಿರ ಕರೆದೊಯ್ದರು. ಸುಮಾ ಇಬ್ಬರಿಗೂ ಹೇಳಿಕೊಟ್ಟಳು: "ಕುರ್ಚಿ ಮೇಲೆ ನೆಟ್ಟಗೆ ಕೂತ್ಕೊಳಿ ಸಾರ್. ಒಂದು ಕಾಲು ನಿಧಾನಕ್ಕೆ ನೀಡಿ, ಸ್ವಲ್ಪ ಹೊತ್ತು ಹಿಡ್ಕೊಳಿ, ನಿಧಾನಕ್ಕೇ ಇಳಿಸಿ. ಮಲಗಿದಾಗ ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟು ಮೆತ್ತಗೆ ಒತ್ತಿ. ನೋವು ಬಂದ್ರೆ ನಿಲ್ಲಿಸಿಬಿಡಿ. ನೆಲದಿಂದ ಏಳೋವಾಗ ಪಕ್ಕಕ್ಕೆ ತಿರುಗಿ, ಕೈಯೂರಿ, ಮಂಡಿಯೂರಿ ಏಳಿ."

ನೀಲಮ್ಮನವರು ಧಾರಾವಾಹಿ ನೋಡುತ್ತಲೇ ದಿನಾ ಮಾಡಿದರು. ಧಾರಾವಾಹಿಯ ಅತ್ತೆ ಕಿರುಚಿದಾಗ ಕಾಲು ಮೇಲೆ, ಸೊಸೆ ಅತ್ತಾಗ ಕೆಳಗೆ. ಕರಿಬಸಪ್ಪನವರು ಮಾತ್ರ ನಕ್ಕರು. "ಕುಂತಲ್ಲೇ ಕಾಲು ಅಲ್ಲಾಡ್ಸೋದಾ? ನಮ್ಮವ್ವ ಇದ್ದಿದ್ರೆ ದರಿದ್ರ ಬರ್ತತಿ ಅಂತ ಬಾರಿಸ್ತಿದ್ಲು."

ಒಂದು ಸಂಜೆ ಸುಮಾ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ಬೀದಿಗೆಲ್ಲ ಕೇಳಿಸಿತು.

"ಮಂಡಿ ಹೆಂಗಿದೆ ಸಾರ್?"

ಕರಿಬಸಪ್ಪನವರ ಬಾಯಲ್ಲಿ ಮೊಣಕಾಲು ಯಾವತ್ತೂ 'ಮಣಕಾಲು'. ಮಂಡಿ ಎಂದರೆ ಮೆಣಸಿನಕಾಯಿಯದೊಂದೇ. "ಜೋರಾಗಿ ನಡೀತೈತಮ್ಮ! ಅಳಿಯ ನೋಡ್ಕೊಳ್ತಾನೆ."

"ಅಯ್ಯೋ, ಅಳಿಯ ನೋಡ್ಕೊಂಡ್ರೆ ಆಗಲ್ಲ ಸಾರ್, ನೀವೇ ಮಾಡ್ಬೇಕು!"

"ನನಗೆ ವಯಸ್ಸಾತಲ್ಲಮ್ಮ, ಅವನು ಹುಡುಗ," ಎಂದು ಫೋನ್ ಇಟ್ಟರು. ಒಳಗೆ ನೀಲಮ್ಮನವರು ನಗು ತಡೆಯಲಾಗದೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

ಗೃಹಪ್ರವೇಶದ ದಿನ ಸಿದ್ದಲಿಂಗೇಶ್ ಪಕ್ಕದಲ್ಲೇ ಚಾಪೆಗೆ ಕೂತರು ಕರಿಬಸಪ್ಪನವರು. ಕೂತರೆನ್ನುವುದಕ್ಕಿಂತ ಬಿದ್ದರು. ಹೋಳಿಗೆ, ಅನ್ನ, ಮಜ್ಜಿಗೆ ಎಲ್ಲ ಮುಗಿಯಿತು. ಪಂಕ್ತಿ ಎದ್ದಿತು. ಇವರು ಏಳಲಿಲ್ಲ.

"ಇನ್ನೊಂದ್ ಸ್ವಲ್ಪ ಸಾರು ಹಾಕಪ್ಪ," ಎಂದರು.

ಸಾರು ಬಂತು. ಹಿಂದೆ ಎರಡನೇ ಪಂಕ್ತಿಯವರು ಜಾಗಕ್ಕಾಗಿ ಕಾಯುತ್ತಾ ನಿಂತಿದ್ದರು. "ಇನ್ನೊಂದ್ ಹೋಳಿಗೆ." ಅದೂ ಬಂತು. ಮುಖ ಬೆವರಿತು.

ಸಿದ್ದಲಿಂಗೇಶ್ ಕೈ ತೊಳೆದು ಬಂದು ಎದುರಿಗೆ ನಿಂತರು. "ಏನಲೇ ಬಸಪ್ಪ, ಮಗಳ ಮನಿ ಉಗ್ರಾಣ ಖಾಲಿ ಮಾಡ್ತೀಯೇನು?"

ಹೆಂಗಸರ ಸಾಲಿನಿಂದ ನೀಲಮ್ಮನವರು ಸಲೀಸಾಗಿ ಎದ್ದು ಬಂದರು. ಕೈ ಚಾಚಲಿಲ್ಲ.

"ರೀ, ಮಂಡಿ ಹೆಂಗೈತಿ?"

ಕರಿಬಸಪ್ಪನವರು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿ ಗೊಣಗಿದರು. "ಮುಚ್ಚೈತಿ."

"ಹಂಗಾದ್ರೆ ಸುಮಾ ಹೇಳಿದಂಗೆ ಮಾಡ್ರಿ. ಪಕ್ಕಕ್ಕೆ ತಿರುಗಿ, ಎರಡೂ ಕೈ ಊರ್ರಿ. ಈಗ ಮಂಡಿ ಊರ್ರಿ."

ಮೂವತ್ತು ವರ್ಷ ಮಂಡಿಯಲ್ಲಿ ಯಾರಿಗೂ ತಲೆಬಾಗದ ಕರಿಬಸಪ್ಪನವರು ಎದುರಂಗಡಿಯವನ ಮುಂದೆ, ಎಂಜಲೆಲೆಯ ಪಕ್ಕ ಮಂಡಿಯೂರಿದರು. ಆಮೇಲೆ ಒಂದು ಪಾದ ಮುಂದಿಟ್ಟು, ಉಸಿರು ಬಿಗಿಹಿಡಿದು ಎದ್ದು ನಿಂತರು.

"ನಾನಾಗೇ ಎದ್ದೆ ನೋಡಲೇ!" ಎಂದು ಮೀಸೆ ಮುಟ್ಟಿಕೊಂಡರು.

"ನೋಡಿದೆ. ಪೂರ್ತಿ ನೋಡಿದೆ," ಎಂದರು ಸಿದ್ದಲಿಂಗೇಶ್.

ಮೀಸೆ ಉಳಿಯಿತು. ಈಗ ಧಾರಾವಾಹಿ ಹೊತ್ತಿಗೆ ಎರಡು ಕುರ್ಚಿಗಳಿಂದ ಎರಡು ಕಾಲು ಒಟ್ಟಿಗೆ ಮೇಲೇಳುತ್ತವೆ. ಮೊನ್ನೆ ಸುಮಾ ಮತ್ತೆ ಫೋನ್ ಮಾಡಿ ಮಂಡಿ ವಿಚಾರಿಸಿದಳು. ಕರಿಬಸಪ್ಪನವರು ಈ ಸಲ ಸ್ಪೀಕರ್ ಆರಿಸಿ, ದನಿ ತಗ್ಗಿಸಿ ಹೇಳಿದರು:

"ಬಾಗಿಲು ತೆಗ್ದೀವಮ್ಮ. ವ್ಯಾಪಾರ ಇನ್ನೂ ಡಲ್ ಐತಿ."